ಟಿವಿಯಲ್ಲಿ ಚಿತ್ರ ಒಡೆಯುತ್ತಿದೆಯಾ? ಡಿಶ್ ಮುಟ್ಟುವ ಮೊದಲು ಇಷ್ಟು ನೋಡಿ

ಚಿತ್ರ ಸರಿಯಾಗಿ ಬರುತ್ತಿಲ್ಲ ಅಂದ ತಕ್ಷಣ ತಾರಸಿ ಹತ್ತಿ ಡಿಶ್ ಅಲ್ಲಾಡಿಸಬೇಡಿ. ರಿಮೋಟ್ ತಗೊಂಡು ಫ್ಯಾಕ್ಟರಿ ರೀಸೆಟ್ ಕೂಡ ಒತ್ತಬೇಡಿ. ಇವೆರಡೂ ಬೇರೆ ದಾರಿ ಇಲ್ಲದಾಗ ಮಾಡುವ ಕೆಲಸ. ನೆಟ್ಟಗಿದ್ದ ಡಿಶ್ ಒಮ್ಮೆ ಜಾಗ ಬಿಟ್ಟು ಸರಿಯಿತೋ, ಹತ್ತಿಪ್ಪತ್ತು ರೂಪಾಯಿಯ ಕನೆಕ್ಟರ್ ಬದಲಿಸಿ ಮುಗಿಸಬಹುದಾಗಿದ್ದ ರಿಪೇರಿ ಅರ್ಧ ದಿನದ ಗೋಳಾಗುತ್ತದೆ.

ಚಿತ್ರ ಕೆಡುವುದರಲ್ಲೂ ನಾನಾ ಥರ ಇದೆ. ಯಾವ ಥರ ಕೆಟ್ಟಿದೆ, ಯಾವ ಹೊತ್ತಿನಲ್ಲಿ ಕೆಡುತ್ತದೆ, ಎಲ್ಲಾ ಚಾನೆಲ್‌ನಲ್ಲೂ ಕೆಡುತ್ತದಾ ಇಲ್ಲ ಕೆಲವದರಲ್ಲಿ ಮಾತ್ರವಾ ಅಂತ ಐದು ನಿಮಿಷ ಕೂತು ನೋಡಿದರೆ ತೊಂದರೆ ಎಲ್ಲಿದೆ ಅನ್ನುವುದು ಬಹುಪಾಲು ಅಲ್ಲೇ ಗೊತ್ತಾಗಿಬಿಡುತ್ತದೆ. ಆಮೇಲೆ ಕೆಳಗಿನಿಂದ ಮೇಲಕ್ಕೆ ಹೋಗಿ. ಟಿವಿ, ಟಿವಿಯಿಂದ ಸೆಟ್‌ಟಾಪ್ ಬಾಕ್ಸ್‌ಗೆ ಬರುವ ವೈರ್, ಬಾಕ್ಸ್‌ಗೆ ಕರೆಂಟ್ ಕೊಡುವ ಅಡಾಪ್ಟರ್, ಬಾಕ್ಸ್, ಕೇಬಲ್, ಎಲ್‌ಎನ್‌ಬಿ (ಡಿಶ್ ಮುಂದಿನ ಕಂಬಿಯ ತುದಿಯಲ್ಲಿ ಕೂತು ಸಿಗ್ನಲ್ ಹಿಡಿಯುವ ಸಣ್ಣ ಡಬ್ಬಿ), ಎಲ್ಲಾ ಆದ ಮೇಲೆ ಡಿಶ್.

ಇಲ್ಲಿ ಹೇಳಿರುವುದು ಮುಖ್ಯವಾಗಿ ಡಿಡಿ ಫ್ರೀ ಡಿಶ್ ಬಾಕ್ಸ್ ಇಟ್ಟುಕೊಂಡವರಿಗೆ. ತಿಂಗಳ ಪ್ಯಾಕ್ ಕಟ್ಟುವವರಾದರೆ ಕಂಪನಿಗೆ ಫೋನ್ ಮಾಡಿ ಜನ ಕರೆಸಿಕೊಳ್ಳಬಹುದು, ಫ್ರೀ ಡಿಶ್‌ನವರು ತಾವೇ ನೋಡಿಕೊಳ್ಳಬೇಕು. ಆದರೆ ಒಳಗಿನ ಕೆಲಸ ಎಲ್ಲಾ ಡಿಟಿಎಚ್‌ಗೂ ಒಂದೇ. ದುಡ್ಡು ಕಟ್ಟುವವರಿಗೂ ಮುಕ್ಕಾಲು ಪಾಲು ಅನ್ವಯಿಸುತ್ತದೆ.

ಮೊದಲು ಬಾಕ್ಸ್‌ನ ಮೆನು ತೆಗೆಯಿರಿ

ಎಲ್ಲಕ್ಕಿಂತ ಉಪಯೋಗದ ಪರೀಕ್ಷೆ ಇದು, ಖರ್ಚೂ ಇಲ್ಲ. ಬಾಕ್ಸ್‌ನ ರಿಮೋಟ್‌ನಲ್ಲಿ ಮೆನು ಬಟನ್ ಒತ್ತಿ. ಮೆನುವಿನ ಅಕ್ಷರಗಳು ಬಾಕ್ಸ್‌ನ ಒಳಗೇ ತಯಾರಾಗುತ್ತವೆ, ಅದಕ್ಕೂ ಉಪಗ್ರಹಕ್ಕೂ ಸಂಬಂಧ ಇಲ್ಲ. ಹಾಗಾಗಿ ಮೆನು ಶುಭ್ರವಾಗಿ ಕಾಣುತ್ತಿದ್ದು ಹಿಂದಿನ ಚಿತ್ರ ಮಾತ್ರ ಒಡೆಯುತ್ತಿದ್ದರೆ ಟಿವಿಯಲ್ಲಾಗಲಿ, ಟಿವಿಗೆ ಹೋಗುವ ವೈರ್‌ನಲ್ಲಾಗಲಿ ದೋಷ ಇಲ್ಲ. ತೊಂದರೆ ಕೇಬಲ್, ಎಲ್‌ಎನ್‌ಬಿ ಅಥವಾ ಡಿಶ್ ಕಡೆ, ಇಲ್ಲವೇ ಅಡಾಪ್ಟರ್‌ನಲ್ಲಿ, ಅಪರೂಪಕ್ಕೆ ಬಾಕ್ಸ್‌ನಲ್ಲೇ. ಮೆನುವೇ ನಡುಗುತ್ತಿದ್ದರೆ, ಬಣ್ಣ ಕೆಟ್ಟಿದ್ದರೆ, ಚುಕ್ಕಿ ಚುಕ್ಕಿ ಇದ್ದರೆ ತಾರಸಿ ಕಡೆ ತಲೆ ಹಾಕುವುದೇ ಬೇಡ. ಟಿವಿ ಮುಂದೆಯೇ ಕೆಲಸ ಮುಗಿಯುತ್ತದೆ.

ಇನ್ನೊಂದು ಗೊಂದಲ 'ನೋ ಸಿಗ್ನಲ್' ಅನ್ನುವ ಮಾತು. ಅದನ್ನು ಹೇಳುತ್ತಿರುವುದು ಟಿವಿಯಾ, ಬಾಕ್ಸಾ? ಟಿವಿ ಹೇಳುತ್ತಿದ್ದರೆ ಸಾಮಾನ್ಯವಾಗಿ ನೀಲಿ ಅಥವಾ ಕಪ್ಪು ಪರದೆಯ ಮೇಲೆ ಆ ಎರಡು ಪದ ಅತ್ತಿತ್ತ ಓಡಾಡುತ್ತಿರುತ್ತವೆ, ಪಕ್ಕದಲ್ಲಿ ಎಚ್‌ಡಿಎಂಐ 1 ಅಥವಾ ಎವಿ ಅಂತ ಬರೆದಿರುತ್ತದೆ. ಅಂದರೆ ಬಾಕ್ಸ್‌ನಿಂದ ಟಿವಿಗೆ ಏನೂ ತಲುಪುತ್ತಿಲ್ಲ. ಬಾಕ್ಸ್ ಆಫ್ ಆಗಿರಬಹುದು, ಮಕ್ಕಳು ಟಿವಿ ರಿಮೋಟ್‌ನಲ್ಲಿ ಸೋರ್ಸ್ ಬದಲಿಸಿರಬಹುದು. ಬಾಕ್ಸ್ ಹೇಳುತ್ತಿದ್ದರೆ ಚಾನೆಲ್ ಹೆಸರು, ನಂಬರ್ ಎಲ್ಲಾ ಪರದೆಯಲ್ಲಿ ಬಂದು ಅದರ ಜೊತೆ ಸಿಗ್ನಲ್ ಇಲ್ಲ ಅನ್ನುವ ಸಂದೇಶ ಬರುತ್ತದೆ. ಟಿವಿಯ ಸೋರ್ಸ್ ಬದಲಾಗಿರುವುದಕ್ಕೆ ಮೆಕ್ಯಾನಿಕ್ ಕರೆಸಿ ದುಡ್ಡು ಕೊಟ್ಟವರು ಬೇಕಾದಷ್ಟು ಜನ ಇದ್ದಾರೆ.

ಟಿವಿಗೂ ಬಾಕ್ಸ್‌ಗೂ ನಡುವೆ

ಹಳದಿ, ಕೆಂಪು, ಬಿಳಿ ಮೂರು ಪಿನ್‌ನ ಎವಿ ವೈರ್ ಇದ್ದರೆ ಚಿತ್ರ ಬರುವುದು ಹಳದಿಯಲ್ಲಿ ಮಾತ್ರ, ಉಳಿದೆರಡು ಶಬ್ದಕ್ಕೆ. ಚಿತ್ರ ಕಪ್ಪು ಬಿಳುಪಾಗಿ ಬರುತ್ತಿದ್ದರೆ ಎರಡು ಕಡೆ ನೋಡಿ. ಒಂದು, ಈಗಿನ ಟಿವಿಗಳಲ್ಲಿ ಹಸಿರು ಮತ್ತು ಹಳದಿ ಒಂದೇ ತೂತಿನಲ್ಲಿ ಇರುತ್ತದೆ. ಪಿನ್ ಸರಿಯಾದ ಕಡೆಯೇ ಇದ್ದರೂ ಟಿವಿಯ ಸೋರ್ಸ್ 'ಕಾಂಪೊನೆಂಟ್' ಅಂತ ಇದ್ದರೆ ಬಣ್ಣ ಬರುವುದಿಲ್ಲ, 'ಎವಿ' ಅಂತ ಆರಿಸಬೇಕು. ಎರಡು, ಬಾಕ್ಸ್‌ನ ಸೆಟ್ಟಿಂಗ್‌ನಲ್ಲಿ ಟಿವಿ ಸಿಸ್ಟಮ್ ಎನ್‌ಟಿಎಸ್‌ಸಿ ಅಂತ ಆಗಿಬಿಟ್ಟಿದ್ದರೆ ಪ್ಯಾಲ್ ಮಾಡಿ. ನಮ್ಮ ದೇಶದ್ದು ಪ್ಯಾಲ್.

ಕೆಲವು ತೆಳ್ಳಗಿನ ಟಿವಿಗಳಲ್ಲಿ ಇಯರ್‌ಫೋನ್ ಥರದ ಸಣ್ಣ ತೂತು ಕೊಟ್ಟಿರುತ್ತಾರೆ, ಅದಕ್ಕೆ ಒಂದು ಮೋಟು ವೈರ್ ಹಾಕಿ ಮೂರು ಪಿನ್ ಸೇರಿಸಬೇಕು. ಈ ಮೋಟು ವೈರ್‌ಗಳ ಒಳಗಿನ ಜೋಡಣೆ ಎಲ್ಲಾ ಒಂದೇ ಥರ ಇರುವುದಿಲ್ಲ. ಟಿವಿ ಜೊತೆ ಬಂದದ್ದು ಕಳೆದುಹೋಗಿ ಅಂಗಡಿಯಿಂದ ಬೇರೆ ತಂದಿದ್ದರೆ ಹಳದಿಗೆ ಹಳದಿ ಸೇರಿಸಿದರೂ ಚಿತ್ರ ಬಾರದೆ ಗರ್ ಅಂತ ಶಬ್ದ ಬರಬಹುದು. ಹಳದಿಯನ್ನು ಕೆಂಪಿಗೆ, ಬಿಳಿಗೆ ಹಾಕಿ ನೋಡಿ. ಏನೂ ಸುಡುವುದಿಲ್ಲ.

ಎಚ್‌ಡಿಎಂಐ ಇದ್ದರೆ ಇಷ್ಟು ತಲೆನೋವಿಲ್ಲ, ಆದರೆ ಅದಕ್ಕೂ ಅದರದ್ದೇ ರೋಗಗಳಿವೆ. ಚಿತ್ರ ಪೂರ್ತಿ ಗುಲಾಬಿ ಅಥವಾ ಹಸಿರು ಬಣ್ಣಕ್ಕೆ ತಿರುಗುವುದು, ಮಿಂಚಿನಂತೆ ಚುಕ್ಕಿಗಳು ಹಾರುವುದು, ಎರಡು ಮೂರು ಸೆಕೆಂಡ್ ಕಪ್ಪಾಗಿ ಮತ್ತೆ ಬರುವುದು, ಇವೆಲ್ಲಾ ಹೆಚ್ಚಾಗಿ ಸಡಿಲ ಪಿನ್ ಅಥವಾ ಕೆಟ್ಟ ವೈರ್‌ನಿಂದ ಬರುವಂಥವು. ಟಿವಿ, ಬಾಕ್ಸ್ ಎರಡನ್ನೂ ಆಫ್ ಮಾಡಿ, ವೈರ್‌ನ ಎರಡೂ ತುದಿ ಕಿತ್ತು ಮತ್ತೆ ಗಟ್ಟಿಯಾಗಿ ಕೂರಿಸಿ. ಸರಿಹೋಗದಿದ್ದರೆ ಟಿವಿಯ ಇನ್ನೊಂದು ಎಚ್‌ಡಿಎಂಐ ತೂತಿಗೆ ಹಾಕಿ. ಆಮೇಲೆ ವೈರ್ ಬದಲಿಸಿ.

ಬಾಕ್ಸ್‌ನಲ್ಲಿ ಯಾರೋ ರೆಸಲ್ಯೂಷನ್ 1080ಪಿ ಮಾಡಿ, ಹಳೆಯ ಟಿವಿ ಅದನ್ನು ಒಪ್ಪದೆ ಪೂರ್ತಿ ಕಪ್ಪಾದರೆ ಮೆನುವೂ ಕಾಣುವುದಿಲ್ಲ. ಆಗ ಕೈಕಟ್ಟಿ ಕೂರಬೇಕಿಲ್ಲ. ಎವಿ ವೈರ್ ತಾತ್ಕಾಲಿಕವಾಗಿ ಸೇರಿಸಿ, ಅದರಲ್ಲಿ ಮೆನು ನೋಡಿಕೊಂಡು 720ಪಿ ಅಥವಾ 1080ಐ ಮಾಡಿ, ಮತ್ತೆ ಎಚ್‌ಡಿಎಂಐಗೆ ಬನ್ನಿ. ಮುಖಗಳೆಲ್ಲಾ ಉದ್ದುದ್ದ ಅಥವಾ ದಪ್ಪದಪ್ಪ ಕಾಣುವುದು, ಕೆಳಗೆ ಓಡುವ ಸುದ್ದಿಯ ಸಾಲು ಕತ್ತರಿಸಿ ಹೋಗುವುದು, ಇವು ರೋಗವೇ ಅಲ್ಲ. 4:3, 16:9 ಅಂತ ಒಂದು ಆಯ್ಕೆ ಬಾಕ್ಸ್‌ನಲ್ಲೂ ಇರುತ್ತದೆ, ಟಿವಿಯಲ್ಲೂ ಇರುತ್ತದೆ. ಎರಡನ್ನೂ 16:9 ಮಾಡಿ, ಟಿವಿಯಲ್ಲಿ ಝೂಮ್ ಇದ್ದರೆ ತೆಗೆಯಿರಿ.

ಅಡಾಪ್ಟರ್

ಫ್ರೀ ಡಿಶ್ ಬಾಕ್ಸ್‌ಗಳಲ್ಲಿ ಬಾಕ್ಸ್‌ಗಿಂತ ಮೊದಲು ಸಾಯುವುದು ಅಡಾಪ್ಟರ್. ಪೂರ್ತಿ ಸತ್ತರೆ ಒಳ್ಳೆಯದು, ಗೊತ್ತಾಗುತ್ತದೆ. ಅರ್ಧ ಸತ್ತರೆ ಕಷ್ಟ. ಬಾಕ್ಸ್‌ನ ದೀಪ ಉರಿಯುತ್ತದೆ, ಮೆನು ಬರುತ್ತದೆ, ಆದರೆ ಚಿತ್ರದಲ್ಲಿ ಅಡ್ಡಗೆರೆ ಓಡುತ್ತದೆ, ಬಾಕ್ಸ್ ಸುಮ್ನೆ ಸುಮ್ನೆ ರೀಸ್ಟಾರ್ಟ್ ಆಗುತ್ತದೆ, ಕೆಲವು ಚಾನೆಲ್‌ಗೆ ಹೋದರೆ ಹ್ಯಾಂಗ್ ಆಗುತ್ತದೆ. ಮೇಲಿರುವ ಎಲ್‌ಎನ್‌ಬಿಗೂ ಕರೆಂಟ್ ಹೋಗುವುದು ಈ ಬಾಕ್ಸ್‌ನಿಂದಲೇ, ಅದೇ ಕೇಬಲ್‌ನಲ್ಲಿ. ಅಡಾಪ್ಟರ್ ಸೊರಗಿದರೆ ಎಲ್‌ಎನ್‌ಬಿಯೂ ಸೊರಗುತ್ತದೆ, ನೀವು ಡಿಶ್ ಕೆಟ್ಟಿದೆ ಅಂದುಕೊಳ್ಳುತ್ತೀರಿ.

ಮಲ್ಟಿಮೀಟರ್‌ನಲ್ಲಿ 12 ವೋಲ್ಟ್ ತೋರಿಸಿತು ಅಂತ ನಂಬಬೇಡಿ. ಬಾಕ್ಸ್‌ಗೆ ಸೇರಿಸದೆ ಅಳೆದರೆ 12 ತೋರಿಸಿ, ಸೇರಿಸಿದ ಕೂಡಲೇ ಕುಸಿಯುವ ಅಡಾಪ್ಟರ್‌ಗಳು ತುಂಬಾ. ಬೇರೊಂದನ್ನು ಹಾಕಿ ನೋಡುವುದೇ ಸರಿಯಾದ ಪರೀಕ್ಷೆ. ಹಾಕುವ ಮುಂಚೆ ಹಳೆಯದರ ಮೇಲೆ ಬರೆದಿರುವ ವೋಲ್ಟ್ ಅಷ್ಟೇ ಇದೆಯಾ, ಆಂಪಿಯರ್ ಅಷ್ಟೇ ಅಥವಾ ಜಾಸ್ತಿ ಇದೆಯಾ, ಪಿನ್‌ನ ಪ್ಲಸ್ ಮೈನಸ್ ಚಿತ್ರ ಒಂದೇ ಥರ ಇದೆಯಾ ನೋಡಿಕೊಳ್ಳಿ.

ಬಾಕ್ಸ್ ಬಿಸಿಯಾಗುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಆನ್ ಮಾಡಿದ ಒಂದೆರಡು ಗಂಟೆ ಚೆನ್ನಾಗಿದ್ದು ಆಮೇಲೆ ಚಿತ್ರ ನಿಂತು ನಿಂತು ಬಂದರೆ, ರಾತ್ರಿ ಹೊತ್ತಲ್ಲೂ ಹಾಗೇ ಆದರೆ, ಬಾಕ್ಸ್ ಮೇಲೆ ಕೈ ಇಟ್ಟು ನೋಡಿ. ಕೆಳಗೆ ಇನ್ವರ್ಟರ್, ಮೇಲೆ ಕಸೂತಿ ಬಟ್ಟೆ, ಅದರ ಮೇಲೆ ಬೊಂಬೆ, ಇಂಥ ಜಾಗದಲ್ಲಿ ಇಟ್ಟಿದ್ದರೆ ಮೊದಲು ಅಲ್ಲಿಂದ ತೆಗೆಯಿರಿ. ಮಧ್ಯಾಹ್ನ ಬಿಸಿಲು ಏರಿದಾಗ ಮಾತ್ರ ಕೆಟ್ಟು ಸಂಜೆ ಸರಿಹೋದರೆ ಅದು ಬಾಕ್ಸ್ ಅಲ್ಲ, ಮೇಲೆ ಬಿಸಿಲಿನಲ್ಲಿ ಕಾಯುತ್ತಿರುವ ಎಲ್‌ಎನ್‌ಬಿ.

ಚಿತ್ರ ಚೌಕ ಚೌಕವಾಗಿ ಒಡೆದರೆ

ಮೆನು ಚೆನ್ನಾಗಿದೆ, ಅಡಾಪ್ಟರ್ ಚೆನ್ನಾಗಿದೆ, ಚಿತ್ರ ಮಾತ್ರ ಚೌಕ ಚೌಕವಾಗಿ ಒಡೆಯುತ್ತಿದೆ ಅಥವಾ ಸ್ಟಕ್ ಆಗಿ ನಿಲ್ಲುತ್ತಿದೆ. ಈಗ ಸಿಗ್ನಲ್ ನೋಡಬೇಕು. ಬಾಕ್ಸ್‌ನ ಮೆನುವಿನಲ್ಲಿ ಇನ್‌ಸ್ಟಾಲೇಷನ್ ಅಥವಾ ಸ್ಯಾಟಲೈಟ್ ಸರ್ಚ್ ಅನ್ನುವ ಕಡೆ ಹೋದರೆ ಎರಡು ಪಟ್ಟಿ ಕಾಣುತ್ತವೆ, ಸ್ಟ್ರೆಂತ್ ಮತ್ತು ಕ್ವಾಲಿಟಿ. ಪಾಸ್‌ವರ್ಡ್ ಕೇಳಿದರೆ ಹಲವು ಬಾಕ್ಸ್‌ಗಳಲ್ಲಿ ಅದು 0000.

ಜನ ನೋಡುವುದು ಸ್ಟ್ರೆಂತ್, ನೋಡಬೇಕಾದ್ದು ಕ್ವಾಲಿಟಿ. ಡಿಶ್ ಆಕಾಶ ಬಿಟ್ಟು ಪಕ್ಕದ ಮನೆ ಗೋಡೆ ನೋಡುತ್ತಿದ್ದರೂ ಎಲ್‌ಎನ್‌ಬಿಗೆ ಕರೆಂಟ್ ಹೋದರೆ ಸಾಕು, ಸ್ಟ್ರೆಂತ್ ಪಟ್ಟಿ ಮೇಲಿರುತ್ತದೆ. ಉಪಗ್ರಹದ ಸಿಗ್ನಲ್ ನಿಜವಾಗಿ ಸಿಕ್ಕಿದೆಯಾ ಅಂತ ಹೇಳುವುದು ಕ್ವಾಲಿಟಿ ಪಟ್ಟಿ. ಹಾಗಾಗಿ ಹೀಗೆ ಓದಿಕೊಳ್ಳಿ: ಸ್ಟ್ರೆಂತ್ ಪೂರ್ತಿ ಬಿದ್ದುಹೋಗಿದ್ದರೆ ಕೇಬಲ್ ತುಂಡಾಗಿದೆ, ಶಾರ್ಟ್ ಆಗಿದೆ ಅಥವಾ ಎಲ್‌ಎನ್‌ಬಿ ಸತ್ತಿದೆ. ಸ್ಟ್ರೆಂತ್ ಇದ್ದು ಕ್ವಾಲಿಟಿ ಸೊನ್ನೆ ಇದ್ದರೆ ಡಿಶ್ ದಿಕ್ಕು ತಪ್ಪಿದೆ, ಎದುರಿಗೆ ಏನೋ ಅಡ್ಡ ಬಂದಿದೆ, ಇಲ್ಲವೇ ಬಾಕ್ಸ್‌ನ ಸೆಟ್ಟಿಂಗ್ ಬದಲಾಗಿದೆ. ಎರಡೂ ಇದ್ದು ಕ್ವಾಲಿಟಿ ಮೇಲೆ ಕೆಳಗೆ ಕುಣಿಯುತ್ತಿದ್ದರೆ ಸಡಿಲ ಕನೆಕ್ಟರ್, ನೀರು ಹೋದ ಕೇಬಲ್, ಗಾಳಿಗೆ ಅಲ್ಲಾಡುವ ಡಿಶ್, ಇವುಗಳಲ್ಲಿ ಒಂದು.

ಡಿಜಿಟಲ್‌ನಲ್ಲಿ ಚಿತ್ರ ಹಳೆಯ ಆಂಟೆನಾ ಕಾಲದಂತೆ ನಿಧಾನಕ್ಕೆ ಮಸುಕಾಗುವುದಿಲ್ಲ. ಕ್ವಾಲಿಟಿ ಒಂದು ಗಡಿಯ ಮೇಲಿದ್ದರೆ ಚಿತ್ರ ಚೊಕ್ಕ, ಗಡಿಯಲ್ಲಿ ಚೌಕ ಚೌಕ, ಗಡಿಯಿಂದ ಕೆಳಗಿಳಿದರೆ ಏನೂ ಇಲ್ಲ. ಹಾಗಾಗಿ ಕ್ವಾಲಿಟಿ ಇನ್ನಷ್ಟು ಜಾಸ್ತಿ ಮಾಡಿದರೆ ಬಣ್ಣ ಹೊಳೆಯುತ್ತದೆ ಅನ್ನುವುದೆಲ್ಲಾ ಸುಳ್ಳು. ಜಾಸ್ತಿ ಕ್ವಾಲಿಟಿ ಬೇಕಿರುವುದು ಮಳೆಗಾಲಕ್ಕೆ.

ಈಗ ಕೇಬಲ್. ಒಡೆಯುವ ಚಿತ್ರಕ್ಕೆ ನನ್ನ ಮೊದಲ ಅನುಮಾನ ಯಾವಾಗಲೂ ಎಲ್‌ಎನ್‌ಬಿಗೆ ಸಿಕ್ಕಿಸಿರುವ ಕನೆಕ್ಟರ್ ಮೇಲೆ. ಅದು ಮಳೆ ಬಿಸಿಲಿಗೆ ಒಡ್ಡಿಕೊಂಡೇ ಇರುತ್ತದೆ. ಬಾಕ್ಸ್‌ನ ಪ್ಲಗ್ ತೆಗೆದು, ಆಮೇಲೆ ಮೇಲೆ ಹೋಗಿ. ಇದನ್ನು ಮರೆಯಬೇಡಿ. ಕೇಬಲ್‌ನ ನಡುವಿನ ತಂತಿಯಲ್ಲಿ 13 ಅಥವಾ 18 ವೋಲ್ಟ್ ಇರುತ್ತದೆ, ನಿಮಗೆ ಶಾಕ್ ಹೊಡೆಯುವಷ್ಟಲ್ಲ, ಆದರೆ ಬಿಚ್ಚುವಾಗ ಹೊರಗಿನ ಜಾಲರಿಗೆ ತಾಗಿದರೆ ಬಾಕ್ಸ್ ಕೆಡಬಹುದು.

ಕನೆಕ್ಟರ್ ತಿರುಗಿಸಿ ಬಿಚ್ಚಿ ನಡುವಿನ ತಂತಿ ನೋಡಿ. ಅದು ತಾಮ್ರದ ಬಣ್ಣದಲ್ಲಿ ಹೊಳೆಯಬೇಕು. ಕಪ್ಪಾಗಿದ್ದರೆ, ಹಸಿರು ಕಿಲುಬು ಹಿಡಿದಿದ್ದರೆ ಕನೆಕ್ಟರ್ ಸಮೇತ ನಾಲ್ಕೈದು ಬೆರಳಷ್ಟು ಕೇಬಲ್ ಕತ್ತರಿಸಿ ಬಿಸಾಡಿ. ಒಳಗಿನ ಜಾಲರಿ ಅಲ್ಲೂ ಕಪ್ಪಾಗಿದ್ದರೆ ನೀರು ಇನ್ನೂ ಒಳಗೆ ಹೋಗಿದೆ ಅಂತ ಅರ್ಥ, ಹೊಳೆಯುವ ಜಾಗ ಸಿಗುವವರೆಗೂ ಕತ್ತರಿಸುತ್ತಾ ಹೋಗಿ. ಆಮೇಲೆ ಹೊಸ ಕನೆಕ್ಟರ್ ಹಾಕಿ. ಹೊರಗಿನ ಕಪ್ಪು ಸಿಪ್ಪೆ ತೆಗೆದು ಜಾಲರಿಯನ್ನು ಹಿಂದಕ್ಕೆ ಮಡಚಿ, ಒಂದು ಎಳೆಯೂ ನಡುವಿನ ತಂತಿಗೆ ತಾಗದಂತೆ ನೋಡಿಕೊಂಡು, ಒಳಗಿನ ಬಿಳಿ ಭಾಗ ಕನೆಕ್ಟರ್‌ನ ಒಳತಳಕ್ಕೆ ಸಮ ಬರುವಂತೆ ತಿರುಗಿಸಿ ತುಂಬಿ. ತಂತಿ ಕನೆಕ್ಟರ್‌ನ ಅಂಚಿನಿಂದ ಎರಡು ಮೂರು ಮಿಲಿಮೀಟರ್ ಹೊರಗೆ ಬಂದರೆ ಸಾಕು. ತೀರಾ ಮೋಟು ಮಾಡಿದರೆ ತಾಗುವುದಿಲ್ಲ, ಉದ್ದ ಬಿಟ್ಟರೆ ಎಲ್‌ಎನ್‌ಬಿ ಒಳಗೆ ಬಾಗಿಕೊಳ್ಳುತ್ತದೆ.

ಸೇರಿಸಿದ ಮೇಲೆ ಇನ್ಸುಲೇಷನ್ ಟೇಪ್ ಸುತ್ತಿ ಬಿಡುವುದು ನಮ್ಮ ಕಡೆಯ ಪದ್ಧತಿ. ಒಂದು ಬೇಸಿಗೆಗೆ ಅದರ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ತನಗೆ ತಾನೇ ಅಂಟಿಕೊಳ್ಳುವ ರಬ್ಬರ್ ಟೇಪ್ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುತ್ತದೆ, ಅದನ್ನು ಎಳೆದು ಸುತ್ತಿ. ಕೇಬಲ್ ಎಲ್‌ಎನ್‌ಬಿಯಿಂದ ನೇರ ಮನೆಯೊಳಗೆ ಇಳಿಯಬಾರದು. ಕಿಟಕಿಗೆ ಬರುವ ಮುಂಚೆ ಒಂದು ಕಡೆ ಕೆಳಗೆ ಜೋತು ಬಿದ್ದು ಆಮೇಲೆ ಮೇಲಕ್ಕೆ ಏರುವಂತೆ ಬಿಡಿ, ಮಳೆನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ.

ಕೇಬಲ್‌ನ ಉಳಿದ ಉದ್ದವನ್ನೂ ಕೈಯಲ್ಲಿ ಹಿಡಿದುಕೊಂಡು ನೋಡುತ್ತಾ ಬನ್ನಿ. ಹಂಚಿನ ಮನೆ ಅಟ್ಟದಲ್ಲಿ ಇಲಿ ಕಚ್ಚಿರುತ್ತದೆ, ಹೊರಗೆ ಅಳಿಲು. ಕಿಟಕಿ ಬಾಗಿಲಿಗೆ ಸಿಕ್ಕಿ ಚಪ್ಪಟೆಯಾಗಿರುತ್ತದೆ. ನಡುವೆ ಎರಡು ತುಂಡು ಕೇಬಲ್ ಸೇರಿಸಿ ಬರೀ ಟೇಪ್ ಸುತ್ತಿದ್ದರೆ ಆ ಗಂಟನ್ನು ತೆಗೆಯಿರಿ. ಕರೆಂಟ್ ವೈರ್ ಸೇರಿಸಿದ ಹಾಗೆ ಇದನ್ನು ಹೊಸೆದು ಸೇರಿಸುವಂತಿಲ್ಲ. ಆರ್‌ಜಿ-6 ಅಂತ ಬರೆದಿರುವ ಕೇಬಲ್ಲೇ ಇರಲಿ. ಉದ್ದ ಹೆಚ್ಚಿದಷ್ಟೂ ಕೇಬಲ್‌ನಲ್ಲೇ ಸಿಗ್ನಲ್ ಸೋರಿಹೋಗುತ್ತದೆ, 30 ಮೀಟರ್ ದಾಟಿದರೆ ಅದು ಲೆಕ್ಕಕ್ಕೆ ಬರುತ್ತದೆ.

ಕೇಬಲ್ ಚೆನ್ನಾಗಿದ್ದರೆ ಎಲ್‌ಎನ್‌ಬಿಯ ಮುಖ ನೋಡಿ. ಮುಂದಿನ ಪ್ಲಾಸ್ಟಿಕ್ ಮುಚ್ಚಳ ಬಿಸಿಲಿಗೆ ಬಿರುಕು ಬಿಟ್ಟಿದ್ದರೆ ಒಳಗೆ ನೀರು ಹೋಗಿದೆ. ಒಣಗಿಸಿ ಎಂಸೀಲ್ ಹಚ್ಚಿ ಕೆಲವು ದಿನ ಓಡಿಸಬಹುದು, ಆದರೆ ಹೊಸದು ತರುವುದೇ ವಾಸಿ. ಕಡಜ ಗೂಡು ಕಟ್ಟಿದೆಯಾ ಅಂತಲೂ ನೋಡಿ, ಅದಕ್ಕೂ ಮೊದಲು ಕಡಜ ಇದೆಯಾ ಅಂತ ನೋಡಿ! ಮಲೆನಾಡಿನಲ್ಲಿ ಮಂಗಗಳು ಎಲ್‌ಎನ್‌ಬಿ ಹಿಡಿದಿರುವ ಕಂಬಿಗೆ ನೇತಾಡುತ್ತವೆ, ಕಂಬಿ ಬಾಗಿದರೆ ಡಿಶ್ ಎಷ್ಟು ತಿರುಗಿಸಿದರೂ ಪ್ರಯೋಜನ ಇಲ್ಲ. ಕರಾವಳಿಯಲ್ಲಿ ಉಪ್ಪುಗಾಳಿಗೆ ಬೋಲ್ಟ್ ತುಕ್ಕು ಹಿಡಿದು ಸಡಿಲ ಆಗುತ್ತದೆ. ಡಿಶ್ ಮೇಲೆ ಬಣ್ಣ ಹೋದರೆ ಏನೂ ಆಗುವುದಿಲ್ಲ, ತಗ್ಗು ಬಿದ್ದರೆ ಆಗುತ್ತದೆ.

ಕೆಲವು ಚಾನೆಲ್ ಮಾತ್ರ ಇಲ್ಲ

ಇದು ನನಗೆ ಇಷ್ಟದ ಭಾಗ, ಯಾಕೆಂದರೆ ಇಲ್ಲಿ ತಾರಸಿಗೆ ಹೋಗದೆಯೇ ಕಳ್ಳನನ್ನು ಹಿಡಿಯಬಹುದು. ಉಪಗ್ರಹ ಸಿಗ್ನಲ್ಲನ್ನು ಎರಡು ಥರದ ಅಲೆಯಲ್ಲಿ ಕಳಿಸುತ್ತದೆ, ನಿಂತ ಅಲೆ (ವರ್ಟಿಕಲ್) ಮತ್ತು ಮಲಗಿದ ಅಲೆ (ಹಾರಿಜಾಂಟಲ್). ಬಾಕ್ಸ್ 13 ವೋಲ್ಟ್ ಕಳಿಸಿದರೆ ಎಲ್‌ಎನ್‌ಬಿ ವರ್ಟಿಕಲ್ ಸಿಗ್ನಲ್ ಹಿಡಿಯುತ್ತದೆ, 18 ಕಳಿಸಿದರೆ ಹಾರಿಜಾಂಟಲ್. ದುಡ್ಡು ಕಟ್ಟುವ ಡಿಟಿಎಚ್‌ಗಳಲ್ಲಿ ಚಾನೆಲ್‌ಗಳ ಒಂದು ದೊಡ್ಡ ಗುಂಪೇ ಒಟ್ಟಿಗೆ ಮಾಯವಾಗಿ ಉಳಿದವು ಚೊಕ್ಕವಾಗಿದ್ದರೆ ಡಿಶ್ ದಿಕ್ಕಿನದು ತಪ್ಪಲ್ಲ. 18 ವೋಲ್ಟ್ ಎಲ್‌ಎನ್‌ಬಿವರೆಗೆ ತಲುಪುತ್ತಿಲ್ಲ, ಅಥವಾ ಎಲ್‌ಎನ್‌ಬಿಯ ಒಂದು ಭಾಗ ಕೆಟ್ಟಿದೆ. ಅಡಾಪ್ಟರ್, ಕನೆಕ್ಟರ್, ಎಲ್‌ಎನ್‌ಬಿ, ಇದೇ ಸಾಲಿನಲ್ಲಿ ಬದಲಿಸಿ ನೋಡಿ. ಒಂದು ಡಿಶ್‌ಗೆ ಸ್ಪ್ಲಿಟರ್ ಹಾಕಿ ಎರಡು ಮನೆ ಟಿವಿ ನಡೆಸುವ ಕಡೆ, ಅಲ್ಲಿ ಚಾನೆಲ್ ಬದಲಿಸಿದರೆ ಇಲ್ಲಿ ಚಿತ್ರ ಹೋಗುವುದಕ್ಕೂ ಇದೇ ಕಾರಣ. ಇಬ್ಬರೂ ಒಂದೇ ಎಲ್‌ಎನ್‌ಬಿಗೆ ಬೇರೆ ಬೇರೆ ಆದೇಶ ಕೊಡುತ್ತಿರುತ್ತಾರೆ. ಎರಡು ಬಾಯಿ ಇರುವ ಟ್ವಿನ್ ಎಲ್‌ಎನ್‌ಬಿ ಹಾಕಿಸಿ ಜಗಳ ಮುಗಿಸಿ.

ಒಂದೆರಡು ಚಾನೆಲ್ ಮಾತ್ರ ಒಡೆಯುತ್ತಿದ್ದರೆ, ಹತ್ತಿರದಲ್ಲಿ ಮೊಬೈಲ್ ಟವರ್ ಇದ್ದರೆ, ಇದನ್ನು ಓದಿ. ಉಪಗ್ರಹದಿಂದ ಬರುವ ಸಿಗ್ನಲ್ 10.7ರಿಂದ 12.75 ಗಿಗಾಹರ್ಟ್ಸ್. ಅಷ್ಟು ಮೇಲಿನ ಸಿಗ್ನಲ್ ಕೇಬಲ್‌ನಲ್ಲಿ ಇಳಿಯುವುದಿಲ್ಲ, ಅದಕ್ಕೇ ಎಲ್‌ಎನ್‌ಬಿ ಅದರಿಂದ 9.75 ಗಿಗಾಹರ್ಟ್ಸ್ ಕಳೆದು ಕೆಳಗಿಳಿಸಿ ಕಳಿಸುತ್ತದೆ. ಮೇಲಿನ ಬ್ಯಾಂಡ್ ಆದರೆ 10.6 ಕಳೆಯುತ್ತದೆ. 11.6ರ ಆಸುಪಾಸಿನ ಚಾನೆಲ್‌ಗಳಿಂದ 9.75 ಕಳೆದರೆ ಎಷ್ಟು? 1.85 ಗಿಗಾಹರ್ಟ್ಸ್, ಅಂದರೆ 1850 ಮೆಗಾಹರ್ಟ್ಸ್. ಮೊಬೈಲ್ ಟವರ್‌ಗಳ 1800 ಬ್ಯಾಂಡ್ ಕೂಡ ಅಲ್ಲೇ ಇದೆ. ಕನೆಕ್ಟರ್ ಗಟ್ಟಿ ಇದ್ದು ಜಾಲರಿ ಸರಿಯಿದ್ದರೆ ಟವರ್‌ನ ಸಿಗ್ನಲ್ ಕೇಬಲ್ ಒಳಗೆ ಬರುವುದಿಲ್ಲ, ಸಡಿಲ ಇದ್ದರೆ ನುಗ್ಗುತ್ತದೆ. ಹಾಗಾಗಿ 5ಜಿ ಬಂದು ನಮ್ಮ ಡಿಶ್ ಹಾಳಾಯಿತು ಅಂತ ಬೈಯುವ ಮುಂಚೆ ಎರಡೂ ತುದಿಯ ಕನೆಕ್ಟರ್ ಬದಲಿಸಿ ನೋಡಿ.

ಶಬ್ದ ಬರುತ್ತದೆ, ಚಿತ್ರ ಇಲ್ಲ, ಅದೂ ಕೆಲವು ಚಾನೆಲ್‌ನಲ್ಲಿ ಮಾತ್ರ. ಫ್ರೀ ಡಿಶ್‌ನ ಹಳೆಯ ಬಾಕ್ಸ್ ಇದ್ದವರಿಗೆ ಇದು ಚಿರಪರಿಚಿತ. ಫ್ರೀ ಡಿಶ್‌ನಲ್ಲಿ ಕೆಲವು ಚಾನೆಲ್ ಎಂಪೆಗ್-2ರಲ್ಲೂ ಕೆಲವು ಎಂಪೆಗ್-4ರಲ್ಲೂ ಬರುತ್ತವೆ. ಚಿತ್ರವನ್ನು ಒತ್ತಿ ಚಿಕ್ಕದು ಮಾಡಿ ಕಳಿಸುವ ಎರಡು ವಿಧಾನ ಇವು. ಹಳೆಯ ಬಾಕ್ಸ್‌ಗೆ ಎಂಪೆಗ್-4 ಚಿತ್ರ ಬಿಡಿಸುವ ಶಕ್ತಿ ಇಲ್ಲ. ಡಿಶ್ ತಿರುಗಿಸಿ, ಎಲ್‌ಎನ್‌ಬಿ ಬದಲಿಸಿ, ಏನು ಮಾಡಿದರೂ ಬರುವುದಿಲ್ಲ, ಬಾಕ್ಸ್‌ನ್ನೇ ಬದಲಿಸಬೇಕು. ಪ್ಯಾಕ್ ಕಟ್ಟುವವರಲ್ಲಿ ಕ್ವಾಲಿಟಿ ಚೆನ್ನಾಗಿದ್ದು ಚಾನೆಲ್ ಕಪ್ಪಾಗಿದ್ದರೆ ರಿಚಾರ್ಜ್ ಮುಗಿದಿದೆಯಾ ನೋಡಿ. ರಿಚಾರ್ಜ್ ಮಾಡಿದ ಮೇಲೆ ಬಾಕ್ಸ್ ಆಫ್ ಮಾಡಿ ಇಡಬೇಡಿ. ಅನುಮತಿ ಬರುವುದು ಉಪಗ್ರಹದ ಮೂಲಕವೇ, ಬಾಕ್ಸ್ ಆನ್ ಇದ್ದರೆ ತಾನೇ ಅದಕ್ಕೆ ಸಿಗುವುದು.

ಮಳೆ, ಬಿಸಿಲು, ಗುಡುಗು

ಜೋರು ಮಳೆಯಲ್ಲಿ ಚಿತ್ರ ಹೋಗುವುದು ಮಾಮೂಲು. ಈ ತರಂಗದ ಉದ್ದ ಎರಡೂವರೆ ಸೆಂಟಿಮೀಟರ್ ಅಷ್ಟೇ, ದಪ್ಪ ಹನಿಗಳು ಅದನ್ನು ನುಂಗುತ್ತವೆ. ಮಳೆ ನಿಂತ ಕೆಲವೇ ನಿಮಿಷಕ್ಕೆ ಬಂದರೆ ಏನೂ ಮಾಡಬೇಡಿ. ಮಳೆ ನಿಂತು ಗಂಟೆಗಟ್ಟಲೆ ಆದರೂ ಬಾರದೆ, ಬಿಸಿಲು ಬಿದ್ದ ಮೇಲೆ ತಾನಾಗಿ ಬಂದರೆ ಎಲ್ಲೋ ನೀರು ಒಳಗೆ ಕೂತಿದೆ, ಮೇಲೆ ಹೇಳಿದ ಕನೆಕ್ಟರ್ ಕಡೆ ಹೋಗಿ. ಸಣ್ಣ ಹನಿಗೂ ಹೋದರೆ ಡಿಶ್ ಸ್ವಲ್ಪ ಸರಿದಿದೆ. ಬಿಸಿಲಿನಲ್ಲಿ ಗಡಿಯಲ್ಲಿ ನಿಂತಿದ್ದ ಸಿಗ್ನಲ್ ಹನಿ ಬಿದ್ದ ಕೂಡಲೇ ಕೆಳಗಿಳಿಯುತ್ತದೆ. ಆಗುಂಬೆ, ಹುಲಿಕಲ್ ಕಡೆಯವರು, ಕರಾವಳಿಯವರು 60 ಸೆಂಟಿಮೀಟರ್ ಡಿಶ್ ಬದಲು 90ರದ್ದು ಹಾಕಿಸಿದರೆ ಎರಡರಷ್ಟಕ್ಕೂ ಮಿಕ್ಕಿ ಸಿಗ್ನಲ್ ಸಿಗುತ್ತದೆ. ಮಳೆಗಾಲ ಪೂರ್ತಿ ನೆಮ್ಮದಿ ಅಂತ ಹೇಳಲಾರೆ, ಆದರೆ ಆಗಾಗ ಹೋಗುವುದು ತುಂಬಾ ಕಡಿಮೆಯಾಗುತ್ತದೆ.

ವರ್ಷಕ್ಕೆ ಎರಡು ಸಲ ಮೋಡವೇ ಇಲ್ಲದ ಹೊತ್ತಲ್ಲಿ ಚಿತ್ರ ಹೋಗುತ್ತದೆ. ಮಾರ್ಚ್ ಮಧ್ಯಭಾಗದಲ್ಲಿ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ ಕೆಲವು ದಿನ ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಬರುತ್ತಾನೆ, ಅವನ ರೇಡಿಯೋ ಗದ್ದಲದಲ್ಲಿ ಉಪಗ್ರಹದ ಸಣ್ಣ ಸಿಗ್ನಲ್ ಮುಳುಗಿಹೋಗುತ್ತದೆ. ಬೆಂಗಳೂರಿನ ಲೆಕ್ಕದಲ್ಲಿ ಫ್ರೀ ಡಿಶ್‌ಗೆ ಇದು ಬೆಳಿಗ್ಗೆ 11ರ ಸುಮಾರಿಗೆ, ಟಾಟಾ ಪ್ಲೇಗೆ ಹೆಚ್ಚು ಕಡಿಮೆ ಮಧ್ಯಾಹ್ನ 12ಕ್ಕೆ, ಏರ್‌ಟೆಲ್‌ಗೆ 10ರ ಹೊತ್ತಿಗೆ. ಕೆಲವೇ ನಿಮಿಷ. ಟೀ ಕುಡಿದು ಬನ್ನಿ, ಬಂದಿರುತ್ತದೆ.

ಏಪ್ರಿಲ್ ಮೇ ತಿಂಗಳ ಗುಡುಗು ಮಳೆಗೆ ಮುಂಚೆ ಅಡಾಪ್ಟರ್ ಪ್ಲಗ್ ತೆಗೆಯುವುದರ ಜೊತೆ ಡಿಶ್ ಕೇಬಲನ್ನೂ ಬಾಕ್ಸ್‌ನಿಂದ ಬಿಚ್ಚಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಸಿಡಿಲಿನ ಹೊಡೆತ ಕೇಬಲ್ ಮೂಲಕವೂ ಬರುತ್ತದೆ. ಗುಡುಗು ಶುರುವಾದ ಮೇಲೆ ಮಾತ್ರ ಆ ಕೇಬಲ್ ಮುಟ್ಟಬೇಡಿ, ತಾರಸಿಗೂ ಹೋಗಬೇಡಿ.

ಡಿಶ್ ತಿರುಗಿಸಲೇಬೇಕು ಅಂದಾಗ

ಮೊದಲು ಈಗಿರುವ ಜಾಗವನ್ನು ಗುರುತು ಮಾಡಿ. ಕಂಬ ಮತ್ತು ಕ್ಲಾಂಪ್ ಸೇರುವ ಕಡೆ ಮಾರ್ಕರ್‌ನಲ್ಲಿ ಒಂದು ಗೆರೆ, ಮೇಲೆ ಕೆಳಗೆ ಆಗುವ ಬೋಲ್ಟ್ ಹತ್ತಿರ ಒಂದು ಗೆರೆ. ಕೆಟ್ಟರೆ ಹಳೆಯ ಜಾಗಕ್ಕಾದರೂ ವಾಪಸ್ ಬರಬಹುದು. ಹತ್ತಿರದಲ್ಲಿ ಕರೆಂಟ್ ಲೈನ್ ಹಾದುಹೋಗಿದ್ದರೆ ಈ ಕೆಲಸ ನೀವು ಮಾಡಬೇಡಿ, ಹಸಿ ಹಂಚಿನ ಮೇಲಂತೂ ಹತ್ತಲೇಬೇಡಿ.

ಫ್ರೀ ಡಿಶ್ ಬರುವುದು ಜಿಸ್ಯಾಟ್-15ರಿಂದ. 2015ರ ನವೆಂಬರ್‌ನಲ್ಲಿ ಫ್ರೆಂಚ್ ಗಯಾನಾದಿಂದ ಹಾರಿದ ಈ ಉಪಗ್ರಹ 93.5 ಡಿಗ್ರಿ ಪೂರ್ವ ರೇಖಾಂಶದ ನೇರಕ್ಕೆ ನಿಂತಿದೆ, ಅದನ್ನು ನಿಯಂತ್ರಿಸುವುದು ನಮ್ಮ ಹಾಸನದಲ್ಲಿರುವ ಇಸ್ರೋ ಕೇಂದ್ರ. ಬೆಂಗಳೂರಿನಿಂದ ನೋಡಿದರೆ ದಿಕ್ಸೂಚಿಯಲ್ಲಿ 128 ಡಿಗ್ರಿ, ಅಂದರೆ ಹೆಚ್ಚು ಕಡಿಮೆ ಆಗ್ನೇಯ, ಮನೆ ಕಟ್ಟುವಾಗ ಅಡುಗೆಮನೆಗೆ ಅಂತ ಬಿಡುವ ಮೂಲೆ. ನೆಲದಿಂದ 66 ಡಿಗ್ರಿ ಮೇಲೆ. ಮಂಗಳೂರಿನಲ್ಲಿ 123 ಮತ್ತು 64, ಬೀದರ್‌ನಲ್ಲಿ 137 ಮತ್ತು 62. ಟಾಟಾ ಪ್ಲೇ ಉಪಗ್ರಹಗಳು 83 ಡಿಗ್ರಿಯಲ್ಲಿವೆ, ಬೆಂಗಳೂರಿನಿಂದ 157ರ ದಿಕ್ಕು, 73 ಡಿಗ್ರಿ ಎತ್ತರ. ಏರ್‌ಟೆಲ್‌ದು 108.2ರಲ್ಲಿ, 111ರ ದಿಕ್ಕು, 52 ಡಿಗ್ರಿ ಎತ್ತರ. ಮೊಬೈಲ್‌ನ ದಿಕ್ಸೂಚಿ ಸಾಕು, ಆದರೆ ಡಿಶ್‌ನ ಕಬ್ಬಿಣದಿಂದ ಮೂರು ನಾಲ್ಕು ಹೆಜ್ಜೆ ದೂರ ನಿಂತು ನೋಡಿ. ಇನ್ನೂ ಸುಲಭ ಬೇಕೆಂದರೆ ಅಕ್ಕಪಕ್ಕದಲ್ಲಿ ಅದೇ ಸೇವೆಯ ಡಿಶ್ ಯಾವ ಕಡೆ ನೋಡುತ್ತಿದೆಯೋ ಅದೇ ಕಡೆ ತಿರುಗಿಸಿ.

ಡಿಶ್‌ನ ಮುಖ ನೋಡಿದರೆ 66 ಡಿಗ್ರಿ ಮೇಲೆ ನೋಡುತ್ತಿದೆ ಅನ್ನಿಸುವುದಿಲ್ಲ, 40ರ ಆಸುಪಾಸು ಕಾಣುತ್ತದೆ. ಗೋಡೆಗೆ ಓರೆಯಾಗಿ ಎಸೆದ ಚೆಂಡಿನಂತೆ ಸಿಗ್ನಲ್ ಮೇಲಿನಿಂದ ಬಂದು ಡಿಶ್‌ಗೆ ಬಡಿದು ಕೆಳಗಿರುವ ಎಲ್‌ಎನ್‌ಬಿಗೆ ಹೋಗುತ್ತದೆ. ಇದು ಗೊತ್ತಿಲ್ಲದೆ ಡಿಶ್‌ನ ಎದುರಿಗೆ ಕಾಣುವ ಪಕ್ಕದ ಮನೆಯ ಮರ ಕಡಿಸಿ ಎಂದು ಜಗಳ ಮಾಡುತ್ತಾರೆ. ಲೆಕ್ಕ ಹಾಕಿ, ಹತ್ತು ಮೀಟರ್ ದೂರದಲ್ಲಿರುವ ತೆಂಗಿನ ಮರ ಡಿಶ್‌ಗಿಂತ 22 ಮೀಟರ್ ಎತ್ತರ ಇದ್ದರೆ ಮಾತ್ರ ಫ್ರೀ ಡಿಶ್‌ಗೆ ಅಡ್ಡ. ಏರ್‌ಟೆಲ್ ಆದರೆ 13 ಮೀಟರ್ ಇದ್ದರೂ ಅಡ್ಡ.

ತಿರುಗಿಸುವಾಗ ಒಬ್ಬರು ಟಿವಿ ಮುಂದೆ ಮೊಬೈಲ್ ಹಿಡಿದು ವಿಡಿಯೋ ಕಾಲ್‌ನಲ್ಲಿ ಕ್ವಾಲಿಟಿ ಪಟ್ಟಿ ತೋರಿಸಲಿ. 'ಬಂತು, ಹೋಯ್ತು' ಅಂತ ಕೂಗುವುದಕ್ಕಿಂತ ಇದು ವಾಸಿ. ಬೋಲ್ಟ್ ಪೂರ್ತಿ ಬಿಚ್ಚಬೇಡಿ, ಕೈಯಲ್ಲಿ ತಳ್ಳಿದರೆ ಮಾತ್ರ ಸರಿಯುವಷ್ಟು ಸಡಿಲಿಸಿ. 60 ಸೆಂಟಿಮೀಟರ್ ಡಿಶ್‌ನ ಅಂಚು ಅರ್ಧ ಸೆಂಟಿಮೀಟರ್ ಸರಿದರೆ ಒಂದು ಡಿಗ್ರಿ ತಿರುಗಿದ ಹಾಗೆ, ಒಂದು ಡಿಗ್ರಿಗೆ ಮಳೆಗಾಲಕ್ಕೆ ಬೇಕಾದ ಹೆಚ್ಚುವರಿ ಕ್ವಾಲಿಟಿ ಹೋಗುತ್ತದೆ. ಹಾಗಾಗಿ ಒಂದಿಷ್ಟು ಸರಿಸಿ, ಮೂರು ನಾಲ್ಕು ಸೆಕೆಂಡ್ ಕಾಯಿರಿ. ಬಾಕ್ಸ್‌ಗೆ ಸಿಗ್ನಲ್ ಹಿಡಿಯಲು ಅಷ್ಟು ಹೊತ್ತು ಬೇಕು, ಕಾಯದೆ ದಾಟಿಸಿಬಿಟ್ಟರೆ ಸಿಗುವುದೇ ಇಲ್ಲ. ಅತ್ಯಂತ ಜಾಸ್ತಿ ಕ್ವಾಲಿಟಿ ಸಿಕ್ಕ ಮೇಲೆ ಎಲ್‌ಎನ್‌ಬಿಯನ್ನು ಅದರ ಹಿಡಿಯಲ್ಲೇ ಸ್ವಲ್ಪ ಎಡಕ್ಕೆ ಬಲಕ್ಕೆ ತಿರುಗಿಸಿ ನೋಡಿ, ಕೆಲವೊಮ್ಮೆ ಇನ್ನಷ್ಟು ಏರುತ್ತದೆ. ಬೋಲ್ಟ್‌ಗಳನ್ನು ಒಂದೊಂದೇ ಸ್ವಲ್ಪ ಸ್ವಲ್ಪ ಬಿಗಿಯಿರಿ, ಬಿಗಿಯುವಾಗಲೂ ಪಟ್ಟಿ ನೋಡುತ್ತಿರಿ. ಎಷ್ಟೋ ಜನರ ಡಿಶ್ ಕೆಡುವುದು ಬಿಗಿಯುವಾಗ.

ಕ್ವಾಲಿಟಿ ಬಂದಿದ್ದೂ ಸ್ಕ್ಯಾನ್ ಮಾಡಿದರೆ ಗೊತ್ತಿಲ್ಲದ ಹೆಸರಿನ, ಲಾಕ್ ಆಗಿರುವ ಚಾನೆಲ್‌ಗಳೇ ಬಂದರೆ ನೀವು ಪಕ್ಕದ ಉಪಗ್ರಹ ಹಿಡಿದಿದ್ದೀರಿ. ಡಿಶ್ ಟಿವಿ ಕಂಪನಿಯ ಉಪಗ್ರಹ 95 ಡಿಗ್ರಿಯಲ್ಲಿದೆ, ಫ್ರೀ ಡಿಶ್‌ನಿಂದ ಒಂದೂವರೆ ಡಿಗ್ರಿ ಅಷ್ಟೇ ದೂರ. ತುಸು ದಕ್ಷಿಣಕ್ಕೆ ಸರಿಸಿ.

ಸ್ಕ್ಯಾನ್ ಮಾಡುವ ಮುಂಚೆ ಬಾಕ್ಸ್‌ನಲ್ಲಿ ಎಲ್‌ಎನ್‌ಬಿ ಫ್ರೀಕ್ವೆನ್ಸಿ 9750-10600 ಇದೆಯಾ, ಸ್ಯಾಟಲೈಟ್ 93.5 ಇದೆಯಾ ನೋಡಿ. ಫ್ರೀ ಡಿಶ್‌ನ ಜಾಗಗಳನ್ನು ಪ್ರಸಾರ ಭಾರತಿ ಹರಾಜು ಹಾಕುತ್ತದೆ, ಹಾಗಾಗಿ ಚಾನೆಲ್‌ಗಳು ಬಂದು ಹೋಗುತ್ತಿರುತ್ತವೆ. ಚಿತ್ರ ಚೆನ್ನಾಗಿರುವಾಗಲೇ ಒಂದು ದಿನ ಇದ್ದಕ್ಕಿದ್ದಂತೆ ನಿಮ್ಮ ಚಾನೆಲ್ ಮಾಯವಾಗಿ ಚಂದನ ಮಾತ್ರ ಬರುತ್ತಿದ್ದರೆ ಡಿಶ್ ಕಡೆ ನೋಡಬೇಡಿ, ಒಂದು ಆಟೋ ಸ್ಕ್ಯಾನ್ ಕೊಡಿ. ಸಿಕ್ಕರೆ ಬೇರೆ ನಂಬರ್‌ನಲ್ಲಿ ಸಿಗುತ್ತದೆ. ಸಿಗದಿದ್ದರೆ ಅದು ಫ್ರೀ ಡಿಶ್ ಬಿಟ್ಟು ಹೋಗಿದೆ, ಇಲ್ಲವೇ ಎಂಪೆಗ್-4ಕ್ಕೆ ಬದಲಾಗಿದೆ. ಬದಲಾಗಿದ್ದರೆ ಹೊಸ ಬಾಕ್ಸ್ ಬೇಕಾಗುತ್ತದೆ. ಆಗ ಡಿಶ್, ಎಲ್‌ಎನ್‌ಬಿ, ಕೇಬಲ್ ಸಮೇತ ಪೂರ್ತಿ ಸೆಟ್ ತಗೊಳ್ಳಿ ಅಂತ ಅಂಗಡಿಯವರು ಹೇಳಬಹುದು. ಬೇಡ, ಮೇಲಿರುವುದು ಚೆನ್ನಾಗಿದ್ದರೆ ಬಾಕ್ಸ್ ಮತ್ತು ಅಡಾಪ್ಟರ್ ಮಾತ್ರ ಸಾಕು.